ಸ್ವೀಡನ್ ದಾರಿ, ನ್ಯೂಜಿಲೆಂಡ್ ದಾರಿ

ಕೋವಿಡ್ ಕಾಲದಲ್ಲಿ ಲಾಕ್‌ಡೌನ್ ಮಾಡದ ಸ್ವೀಡನ್ ಚೆನ್ನಾಗೇ ಇದೆ, ಹಾಗಾದರೆ ನ್ಯೂಜಿಲೆಂಡ್ ಸುಮ್ನೆ ಬಾಗಿಲು ಹಾಕಿಕೊಂಡಿತಾ ಅಂತ ಕೇಳಿದ್ದೀರಿ. ಖಂಡಿತ ಸುಮ್ನೆ ಅಲ್ಲ.

ಲಸಿಕೆ ಬರುವ ಮುಂಚಿನ ವರ್ಷ ನೋಡಿ. 2020ರಲ್ಲಿ ನ್ಯೂಜಿಲೆಂಡಿನಲ್ಲಿ ಕೋವಿಡ್‌ನಿಂದ ತೀರಿಕೊಂಡವರು 25 ಜನ. ಸ್ವೀಡನ್‌ನಲ್ಲಿ 8,000ಕ್ಕೂ ಜಾಸ್ತಿ. ಅಲ್ಲಿನ ಜನಸಂಖ್ಯೆ ಎರಡು ಪಟ್ಟು ಅಷ್ಟೇ. ದ್ವೀಪಕ್ಕೆ ಸುಲಭ ಅಂತೀರಾ? ಸ್ವೀಡನ್ ಪಕ್ಕದ ನಾರ್ವೆಯಲ್ಲೂ 500 ದಾಟಿರಲಿಲ್ಲ.

ಹಾಗಂತ ಸ್ವೀಡನ್ ಕೈಕಟ್ಟಿ ಕೂತಿರಲಿಲ್ಲ. ಕಾಲೇಜುಗಳು ಆನ್‌ಲೈನ್ ಆದವು, 50ಕ್ಕಿಂತ ಹೆಚ್ಚು ಜನ ಸೇರುವಂತಿರಲಿಲ್ಲ. ಚಿಕ್ಕ ಮಕ್ಕಳ ಶಾಲೆ ಮುಚ್ಚದೇ ಇದ್ದದ್ದು ಒಳ್ಳೆಯದೇ ಆಯಿತು. ಎಡವಿದ್ದು ವೃದ್ಧಾಶ್ರಮಗಳಲ್ಲಿ. ಆ ಸಾವುಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ನಾವು ಸೋತಿದ್ದೇವೆ ಅಂತ ಅಲ್ಲಿನ ರಾಜರೇ ಆ ಡಿಸೆಂಬರ್‌ನಲ್ಲಿ ಹೇಳಿದರು. 2020ರಿಂದ 2022ರವರೆಗಿನ ಮೂರು ವರ್ಷದ ಒಟ್ಟು ಹೆಚ್ಚುವರಿ ಸಾವಿನ ಲೆಕ್ಕದಲ್ಲಿ, ಅಂದರೆ ಮಾಮೂಲಿ ವರ್ಷಗಳಿಗಿಂತ ಎಷ್ಟು ಜಾಸ್ತಿ ಜನ ಸತ್ತರು ಅನ್ನುವ ಲೆಕ್ಕದಲ್ಲಿ, ಸ್ವೀಡನ್ ಯುರೋಪಿನಲ್ಲಿ ಕಡಿಮೆ ಇರುವ ದೇಶಗಳ ಸಾಲಿಗೆ ಬಂತು, ನಿಜ. ನ್ಯೂಜಿಲೆಂಡಿನದು ಅದಕ್ಕಿಂತಲೂ ಕಡಿಮೆ.

ನಾನು ಆಗ ಆಕ್ಲೆಂಡಿನಲ್ಲಿದ್ದೆ. ಬೀದಿ ಖಾಲಿ. ವಾಕಿಂಗ್ ಬರುವ ಮಕ್ಕಳು ಎಣಿಸಲಿ ಅಂತ ಮನೆಮನೆ ಕಿಟಕಿಯಲ್ಲೂ ಟೆಡ್ಡಿ ಕರಡಿ ಇಟ್ಟಿದ್ದರು. ನಾವೂ ಒಂದು ಇಟ್ಟಿದ್ದೆವು. ಆದರೆ ಬೆಲೆಯೂ ದೊಡ್ಡದೇ. ಊರಿಗೆ ಹೋದರೆ ವಾಪಸ್ ಬರಲು ಕ್ವಾರಂಟೈನ್ ಹೋಟೆಲಿನಲ್ಲಿ ರೂಮು ಸಿಗಬೇಕಿತ್ತು. ಅಪ್ಪನ ಕಾರ್ಯವನ್ನು ನಾನು ಫೋನಿನಲ್ಲೇ ನೋಡಿದೆ.

ಆದರೂ ಅವತ್ತು ಗಡಿ ಮುಚ್ಚಿದ್ದು ಸರಿ ಅಂತಲೇ ಹೇಳುತ್ತೇನೆ.