ಲಾಂಬರೆನೆಯ ಆಸ್ಪತ್ರೆ: ಅದು ನಿರ್ಲಕ್ಷ್ಯವಲ್ಲ

ಯುರೋಪಿನಿಂದ ಆಫ್ರಿಕಾಕ್ಕೆ ಹೋಗಿ ದುಡಿದ ವೈದ್ಯ ಆಲ್ಬರ್ಟ್ ಶ್ವೈಟ್ಜರ್ ಅವರ ಲಾಂಬರೆನೆ ಆಸ್ಪತ್ರೆಯಲ್ಲಿ ರೋಗಿಗಳ ಬಂಧುಗಳು ಆವರಣದಲ್ಲೇ ಒಲೆ ಹೂಡಿ ಅಡುಗೆ ಮಾಡುತ್ತಿದ್ದುದು ನಿರ್ಲಕ್ಷ್ಯವಲ್ಲವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಗ್ಯಾಬೊನ್‌ನ ಆ ಕಾಡಿನಲ್ಲಿ ರೋಗಿಯನ್ನು ಒಗೊವೆ ನದಿಯ ಮೇಲೆ ದಿನಗಟ್ಟಲೆ ದೋಣಿಗೆ ಹುಟ್ಟು ಹಾಕುತ್ತ ಕರೆತರಬೇಕಿತ್ತು. ಕರೆತಂದವರನ್ನು ಹೊರಗೆ ನಿಲ್ಲಿಸಿದ್ದರೆ ರೋಗಿಯೂ ನಿಲ್ಲುತ್ತಿರಲಿಲ್ಲ; ಅಪರಿಚಿತರು ಬೇಯಿಸಿದ್ದನ್ನು ವಿಷದ ಭಯದಿಂದ ಮುಟ್ಟದವರೂ ಇದ್ದರು.

1913ರಲ್ಲಿ ಶ್ವೈಟ್ಜರ್ ರೋಗಿಗಳನ್ನು ನೋಡಲು ತೊಡಗಿದ್ದು ಹಳೆಯ ಕೋಳಿಗೂಡೊಂದರಲ್ಲಿ. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುತ್ತಿದ್ದವರು ಪತ್ನಿ ಹೆಲೆನ್. ಪ್ರತಿ ರೋಗಿಯ ಕೊರಳಲ್ಲೂ ನಾರಿನಲ್ಲಿ ಪೋಣಿಸಿದ, ಸಂಖ್ಯೆ ಬರೆದ ರಟ್ಟಿನ ಬಿಲ್ಲೆ. ಆ ಸಂಖ್ಯೆ ನೋಡಿದರೆ ಹೆಸರು, ಕಾಯಿಲೆ, ಕೊಟ್ಟ ಔಷಧ ಎಲ್ಲವೂ ದಾಖಲೆಪುಸ್ತಕದಲ್ಲಿ ಸಿಗುತ್ತಿತ್ತು. ಅಲ್ಲಿನ ತೇವಕ್ಕೆ ಕಾಗದದ ಪೊಟ್ಟಣ ತಾಳದ್ದರಿಂದ ಔಷಧವನ್ನು ಗಾಜಿನ ಸೀಸೆ, ತಗಡಿನ ಡಬ್ಬಿಗಳಲ್ಲೇ ಕೊಡಬೇಕಿತ್ತು. ಖಾಲಿ ಸೀಸೆಗಳನ್ನು ಮರಳಿಸಿ ಎಂದು ಬಿಡದೆ ಹೇಳುತ್ತಿದ್ದರು. ಇಷ್ಟು ಎಚ್ಚರದಿಂದ ದುಡಿದವರನ್ನು ನಿರ್ಲಕ್ಷ್ಯದವರು ಎನ್ನಲು ನನಗೆ ಮನಸ್ಸು ಬಾರದು.

ನಿಮ್ಮ ಶಂಕೆ ನಿರಾಧಾರವೂ ಅಲ್ಲ. 1925ರಲ್ಲಿ ಆಮಶಂಕೆ ಹರಡಿದಾಗ ಬಂಧುಗಳೂ ತುಂಬಿದ್ದ ಆ ಆವರಣದ ಇಕ್ಕಟ್ಟೇ ಮುಳುವಾಯಿತು. ಸೋಂಕಿತರನ್ನು ಬೇರೆ ಇಡಲು ಜಾಗವಿರಲಿಲ್ಲ. ಕೊನೆಗೆ 1927ರಲ್ಲಿ ಆಸ್ಪತ್ರೆಯನ್ನೇ ವಿಶಾಲವಾದ ಸ್ಥಳಕ್ಕೆ ಸಾಗಿಸಿದರು.

ನನ್ನನ್ನು ನಿಜವಾಗಿ ಚುಚ್ಚುವುದು ಬೇರೆಯೇ. ಆಫ್ರಿಕನ್ನರು ತಮ್ಮಂದಿರು, ತಾವು ಹಿರಿಯಣ್ಣ ಎಂಬ ಅವರ ಧೋರಣೆ. ಎಷ್ಟು ಗೌರವವಿದ್ದರೂ ಅದನ್ನು ನಾನು ಸಮರ್ಥಿಸಲಾರೆ. ಇಂದಿನ ಲಾಂಬರೆನೆಯನ್ನು ತಿಳಿಯಬೇಕಿದ್ದರೆ 1981ರಲ್ಲಿ ಅಲ್ಲೇ ಆರಂಭವಾದ ಸಂಶೋಧನಾ ಘಟಕದ ಬಗ್ಗೆ ಓದಿ; ಮಲೇರಿಯಾ ಲಸಿಕೆಯ ಪರೀಕ್ಷೆಗಳಲ್ಲಿ ಅದರ ಪಾಲಿದೆ.