ಅಮೆರಿಕದ ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ವಿಷಯದಲ್ಲಿ ಡೆಮಾಕ್ರಟರು, ರಿಪಬ್ಲಿಕನ್ನರು ಇವರಲ್ಲಿ ಯಾರು ನಮಗೆ ಒಳ್ಳೆಯದು? ಮುಂದಿನ ಚುನಾವಣೆವರೆಗೆ ಪರ್ಮ್ (ಗ್ರೀನ್ ಕಾರ್ಡಿಗಾಗಿ ಕಂಪನಿ ಮೊದಲು ಹಾಕುವ ಅರ್ಜಿ) ಹಾಕದೆ ಕಾಯಬಹುದಾ?

ಕಾಯಬೇಡಿ. ನಿಮ್ಮ ಪ್ರಶ್ನೆ ಓದಿ 2013ರ ನನ್ನನ್ನೇ ನೋಡಿದ ಹಾಗಾಯ್ತು.

ಆಗ ನಾನು ಎಚ್-1ಬಿ ಕೆಲಸದ ವೀಸಾದಲ್ಲಿ ಎರಡನೇ ವರ್ಷದಲ್ಲಿದ್ದೆ. ಜೂನ್ 27ರಂದು ಸೆನೆಟ್‌ನಲ್ಲಿ ದೊಡ್ಡ ವಲಸೆ ಸುಧಾರಣಾ ಮಸೂದೆ 68–32 ಮತಗಳಿಂದ ಪಾಸಾಯಿತು. ಡೆಮಾಕ್ರಟರ ಜೊತೆ 14 ರಿಪಬ್ಲಿಕನ್ನರೂ ಕೈಜೋಡಿಸಿದ್ದರು. ಉದ್ಯೋಗದ ಗ್ರೀನ್ ಕಾರ್ಡಿಗೆ ಒಂದು ದೇಶಕ್ಕೆ ಶೇ 7 ಅನ್ನುವ, ಭಾರತೀಯರ ಸರತಿಯನ್ನು ಉದ್ದ ಮಾಡಿರುವ ಮಿತಿ ಅದರಲ್ಲಿ ಹೋಗುವುದಿತ್ತು. ಇನ್ನೇನು ಆಗೇಹೋಯ್ತು ಅಂದುಕೊಂಡೆ.

ಅದೇ ವಾರ ಕಂಪನಿಯ ವಕೀಲರು ಪರ್ಮ್ ಶುರು ಮಾಡೋಣ ಅಂತ ಮೇಲ್ ಕಳಿಸಿದ್ದರು. ಜೊತೆಗೊಂದು ಫಾರ್ಮ್, ಹಳೆಯ ಕಂಪನಿಯಿಂದ ತರಬೇಕಾದ ಅನುಭವ ಪತ್ರದ ನಮೂನೆ. ಫಾರ್ಮ್ ಅರ್ಧ ತುಂಬಿಸಿ ಬಿಟ್ಟೆ. ಹೇಗೂ ಬೇರೆ ಕೆಲಸ ನೋಡುವವನು, ಕಾನೂನು ಬಂದಮೇಲೆ ಅಲ್ಲೇ ಹಾಕಿದರಾಯ್ತು ಅಂತ ಲೆಕ್ಕ ಹಾಕಿ, ಸ್ವಲ್ಪ ತಡೆಯೋಣ ಅಂತ ಉತ್ತರ ಬರೆದೆ.

ನನಗೆ ಗೊತ್ತಿಲ್ಲದ್ದು ಒಂದೇ ಒಂದು ವಿಷಯ. ಪರ್ಮ್ ಅರ್ಜಿ ಸೇರಿದ ದಿನವೇ ನಿಮ್ಮ ಪ್ರಯಾರಿಟಿ ಡೇಟ್, ಅಂದರೆ ಗ್ರೀನ್ ಕಾರ್ಡ್ ಸರತಿಯಲ್ಲಿ ನಿಮ್ಮ ಜಾಗ ಹೇಳುವ ದಿನಾಂಕ. ಪರ್ಮ್ ಆದಮೇಲೆ ಕಂಪನಿ ಹಾಕುವ ಐ-140 ಅರ್ಜಿ ಅಪ್ರೂವ್ ಆಗಿದ್ದರೆ ಕೆಲಸ ಬದಲಾಯಿಸಿದರೂ ಆ ಡೇಟ್ ನಿಮ್ಮ ಜೊತೆಗೇ ಬರುತ್ತದೆ. ಅಂದರೆ ಆಗಲೇ ಹಾಕಿದ್ದರೆ ನನಗೆ ಕಳೆದುಕೊಳ್ಳೋದು ಏನೂ ಇರಲಿಲ್ಲ!

ರಿಪಬ್ಲಿಕನ್ ಬಹುಮತವಿದ್ದ ಕೆಳಮನೆ ಆ ಮಸೂದೆಯನ್ನು ಮತಕ್ಕೇ ಹಾಕಲಿಲ್ಲ. ನಾನು ಎಚ್ಚೆತ್ತು ಹೊರಡುವಷ್ಟರಲ್ಲಿ ಪತ್ರ ಕೊಡಬೇಕಿದ್ದ ಮ್ಯಾನೇಜರ್ ಕೆಲಸ ಬಿಟ್ಟಿದ್ದರು. ಅವರನ್ನು ಹುಡುಕಿ ಸಹಿ ಹಾಕಿಸಿಕೊಳ್ಳೋದಕ್ಕೇ ನಾಲ್ಕು ತಿಂಗಳು ಹಿಡಿಯಿತು. ಅರ್ಜಿ ಸೇರಿದ್ದು 2015ರ ಮಾರ್ಚ್ ಮಧ್ಯದಲ್ಲಿ. 2020ರ ಅಕ್ಟೋಬರ್ ವೀಸಾ ಬುಲೆಟಿನ್‌ನಲ್ಲಿ (ಸರತಿ ಎಲ್ಲಿಗೆ ಬಂತು ಅಂತ ಸರ್ಕಾರ ಪ್ರತಿ ತಿಂಗಳು ಹೊರಡಿಸುವ ಪಟ್ಟಿ) ಭಾರತದ ಇಬಿ-3 (ಉದ್ಯೋಗದ ಗ್ರೀನ್ ಕಾರ್ಡಿನ ಮೂರನೇ ವರ್ಗ) ಫೈಲಿಂಗ್ ಡೇಟ್ 2015ರ ಜನವರಿ 1ಕ್ಕೆ ಜಿಗಿಯಿತು, ಅಂದರೆ ಅದಕ್ಕಿಂತ ಮುಂಚಿನ ಡೇಟ್ ಇದ್ದವರು ಕೊನೆಯ ಹಂತದ ಅರ್ಜಿ ಹಾಕಬಹುದಿತ್ತು. 2013ರ ಕೊನೆಯಲ್ಲಿ ಹಾಕಿದ್ದ ಗೆಳೆಯ, ಅವನ ಹೆಂಡತಿ ಇಬ್ಬರೂ ಆ ಅರ್ಜಿ, ಅಂದರೆ ಐ-485 ಹಾಕಿದರು, ಇಎಡಿ (ಕೆಲಸ ಮಾಡುವ ಪರವಾನಗಿ) ಬಂತು. ನಾನು ಎರಡೂವರೆ ತಿಂಗಳ ಅಂತರದಲ್ಲಿ ಹೊರಗುಳಿದೆ. ಆ ಸಹಿಗೆ ಅಲೆದ ನಾಲ್ಕು ತಿಂಗಳು ಉಳಿದಿದ್ದರೂ ಸಾಕಿತ್ತು. ಈಗಲೂ ಹೊಟ್ಟೆ ಉರಿಯುತ್ತದೆ.

ಪಕ್ಷಗಳ ನಡುವೆ ವ್ಯತ್ಯಾಸ ಇಲ್ಲ ಅಂತಲ್ಲ. ಎಚ್-1ಬಿಯವರ ಗಂಡ ಅಥವಾ ಹೆಂಡತಿಗೆ ಸಿಗುವ ಕೆಲಸದ ಪರವಾನಗಿ, ಎಚ್-4 ಇಎಡಿ, 2015ರಲ್ಲಿ ಒಬಾಮ ಕಾಲದಲ್ಲಿ ಬಂತು. ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಅಂತ ಟ್ರಂಪ್ ಆದೇಶ ಬಂದದ್ದು 2025ರ ಸೆಪ್ಟೆಂಬರಿನಲ್ಲಿ. ಆದರೆ ಇವರ ದೊಡ್ಡ ಜಗಳ ಗಡಿಯದು, ದಾಖಲೆ ಇಲ್ಲದವರದು. ದಾಖಲೆ ಇಲ್ಲದವರಿಗೆ ಪೌರತ್ವದ ದಾರಿ ಆಗಬೇಕು ಅಂತ ಡೆಮಾಕ್ರಟರು, ಮೊದಲು ಗಡಿ ಭದ್ರವಾಗಲಿ ಅಂತ ರಿಪಬ್ಲಿಕನ್ನರು. ನಮ್ಮ ಸರತಿ ಅದರ ನಡುವೆ ಸಿಕ್ಕಿಹಾಕಿಕೊಂಡಿದೆ. ಬರೀ ದೇಶವಾರು ಮಿತಿಯ ಮಸೂದೆಗೆ 2019ರಲ್ಲಿ ಕೆಳಮನೆಯಲ್ಲಿ 365–65 ಮತ ಬಿತ್ತು, 2020ರ ಡಿಸೆಂಬರಿನಲ್ಲಿ ಸೆನೆಟ್ ಕೂಡ ತನ್ನದೊಂದು ರೂಪವನ್ನು ಪಾಸ್ ಮಾಡಿತು. ಎರಡೂ ಹೊಂದಲಿಲ್ಲ, ಬಿದ್ದುಹೋಯ್ತು. ಹಾಗಾಗಿ ಯಾರು ಗೆದ್ದರೆ ಒಳ್ಳೆಯದು ಅನ್ನೋ ಪ್ರಶ್ನೆಯನ್ನೇ ಬಿಟ್ಟುಬಿಡಿ.

ಇವತ್ತೇ ನಿಮ್ಮ ಹಳೆಯ ಮ್ಯಾನೇಜರಿಗೆ ಮೆಸೇಜ್ ಮಾಡಿ ಅನುಭವ ಪತ್ರ ಕೇಳಿ, ಅವರು ಇನ್ನೂ ಆ ಕಂಪನಿಯಲ್ಲಿ ಇರುವಾಗಲೇ.