ಕ್ಲಾಸಿನ ಗ್ರೂಪಿಗೆ ಯೂಟ್ಯೂಬ್ ಲಿಂಕ್ ಹಾಕಿದರೆ ಕಾಪಿರೈಟ್ ತೊಂದರೆ ಬರುತ್ತಾ?

ಎಂಟನೇ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ನೀವು ಯೂಟ್ಯೂಬ್ ಲಿಂಕ್ ಹಾಕುತ್ತೀರಿ, ಜೊತೆಯ ಮೇಷ್ಟ್ರೊಬ್ಬರು "ಕೇಸ್ ಆಗುತ್ತೆ" ಅಂದರು, ನಿಜವಾ ಅಂತ ಕೇಳಿದ್ದೀರಿ. ಬರೀ ಲಿಂಕ್ ಆದರೆ ಸುಮ್ನೆ ಹೆದರಬೇಡಿ. ಲಿಂಕ್ ಅಂದರೆ ವಿಳಾಸ ಅಷ್ಟೇ ಅಲ್ವಾ? ವಿಡಿಯೊ ಅದನ್ನು ಮಾಡಿದವರ ಚಾನೆಲ್‌ನಲ್ಲೇ ಇರುತ್ತದೆ, ಮಕ್ಕಳು ಅಲ್ಲಿಗೇ ಹೋಗಿ ನೋಡುತ್ತಾರೆ, ವ್ಯೂ ಕೂಡ ಅವರಿಗೇ. ಆದರೆ ಯಾರೋ ಕದ್ದು ಏರಿಸಿದ ಸಿನಿಮಾ ಅಂತ ಗೊತ್ತಿದ್ದೂ ಹಂಚಿದರೆ ಈ ಮಾತು ನಡೆಯೋದಿಲ್ಲ.

ನಾನೂ ವಿಜ್ಞಾನದ ಮೇಷ್ಟ್ರೇ. ಎಡವಿದ್ದು ಲಿಂಕಿನಲ್ಲಲ್ಲ, ಡೌನ್‌ಲೋಡಿನಲ್ಲಿ. ನಮ್ಮ ಶಾಲೆಯಲ್ಲಿ ನೆಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹೃದಯದ ಕವಾಟ ತೆರೆದು ಮುಚ್ಚುವ ಅನಿಮೇಶನ್ ಒಂದನ್ನು ಯಾವುದೋ ಸೈಟಿನಿಂದ ಇಳಿಸಿ, ಪೆನ್‌ಡ್ರೈವ್‌ಗೆ ಹಾಕಿ, ಟಿವಿಯಲ್ಲಿ ತೋರಿಸಿದೆ. "ಸರ್, ಮನೇಲಿ ಇನ್ನೊಂದ್ಸಲ ನೋಡ್ಬೇಕು" ಅಂದರು ಮಕ್ಕಳು. ಇಂಗ್ಲಿಷ್ ದನಿ ತೆಗೆದು ನನ್ನ ಕನ್ನಡ ವಿವರಣೆ ಸೇರಿಸಿ ನನ್ನ ಚಾನೆಲ್‌ಗೆ ಏರಿಸಿಬಿಟ್ಟೆ. ಮೂರನೇ ದಿನಕ್ಕೆ ಕಾಪಿರೈಟ್ ಸ್ಟ್ರೈಕ್, ಅಂದರೆ ಹಕ್ಕುದಾರರ ದೂರಿನ ಮೇಲೆ ಯೂಟ್ಯೂಬ್ ವಿಡಿಯೊ ತೆಗೆದು ಕೊಡುವ ಎಚ್ಚರಿಕೆ, ಬಂತು. 90 ದಿನದೊಳಗೆ ಅಂಥ ಮೂರು ಬಂದರೆ ಚಾನೆಲ್ಲೇ ಹೋಗುತ್ತದೆ. "ಪಾಠಕ್ಕೆ ಮಾತ್ರ, ದುಡ್ಡಿಗಲ್ಲ" ಅಂತ ಕೆಳಗೆ ದೊಡ್ಡದಾಗಿ ಬರೆದಿದ್ದೆ. ಏನೂ ಪ್ರಯೋಜನವಾಗಲಿಲ್ಲ.

ಹಾಗಂತ ಕಾನೂನು ನಮಗೆ ವಿರುದ್ಧವಾಗಿಲ್ಲ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಮೇಷ್ಟ್ರಿಗೆ ಸಾಕಷ್ಟು ಸಡಿಲ ಬಿಟ್ಟಿದೆ. ಪಾಠ ಮಾಡುವಾಗ ಬೇಕಾದ್ದನ್ನು ನಕಲು ಮಾಡಬಹುದು. ನೋಡುವವರು ಮಕ್ಕಳು, ಸಿಬ್ಬಂದಿ, ಹೆತ್ತವರು, ಶಾಲೆಗೆ ಸಂಬಂಧಪಟ್ಟವರಷ್ಟೇ ಆದರೆ ಸಿನಿಮಾನೂ ತೋರಿಸಬಹುದು. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಂಥ ಪ್ರಕಾಶಕರು ಕೇಸ್ ಹಾಕಿದ್ದಾಗ, 2016ರಲ್ಲಿ ದೆಹಲಿ ಹೈಕೋರ್ಟ್ ಪಾಠದ ಪರ ನಿಂತದ್ದು ಇದೇ ಸೆಕ್ಷನ್ ಹಿಡಿದು. ಆದರೆ ಊರಿಗೆಲ್ಲ ತೆರೆದಿಟ್ಟ ಚಾನೆಲ್ ಕ್ಲಾಸ್‌ರೂಮ್ ಆಗೋದಿಲ್ಲವಲ್ಲ! ಅದರ ಮೇಲೆ ಯೂಟ್ಯೂಬಿನದೇ ಷರತ್ತು ಬೇರೆ: ಅವರು ಕೊಟ್ಟ ಡೌನ್‌ಲೋಡ್ ಬಟನ್ ಬಿಟ್ಟು ಬೇರೆ ದಾರಿಯಲ್ಲಿ ಇಳಿಸುವಂತಿಲ್ಲ.

ನಿಮಗೆ ಕತ್ತರಿಸಿ, ದನಿ ಸೇರಿಸಲೇಬೇಕು ಅಂತಿದ್ದರೆ, ಹುಡುಕುವಾಗ ಫಿಲ್ಟರ್‌ನಲ್ಲಿ ಕ್ರಿಯೇಟಿವ್ ಕಾಮನ್ಸ್ ಒತ್ತಿ. ಅಂಥವನ್ನು ಮಾಡಿದವರ ಹೆಸರು ಹಾಕಿ ಮತ್ತೆ ಬಳಸಬಹುದು.

ಆ ಅನಿಮೇಶನ್‌ನವರಿಗೆ ಆಮೇಲೆ ಮೇಲ್ ಮಾಡಿದೆ. ನನ್ನ ಚಾನೆಲ್‌ಗೆ ಏರಿಸಲು ಒಪ್ಪಲಿಲ್ಲ. ಕನ್ನಡ ಸಬ್‌ಟೈಟಲ್ ಬರೆದು ಕಳಿಸಿದರೆ ನಾವೇ ಸೇರಿಸುತ್ತೇವೆ ಅಂದರು. ಎರಡು ರಾತ್ರಿ ಕೂತು ಬರೆದೆ. ಈಗ ಮಕ್ಕಳಿಗೆ ಅದರ ಲಿಂಕನ್ನೇ ಕಳಿಸುತ್ತೇನೆ.